ಗೇಟವೇ ಕಾಣುವ ಕೋಣೆ

ನಿವೃತ್ತನಾದಾಗ ನನಗಿನ್ನೂ ಮೂವತ್ತು ತುಂಬಿರಲಿಲ್ಲ. ಹಾರ, ಶಾಲು, ಭಾಷಣ ಎಂದೆಲ್ಲ ಊಹಿಸಿಕೊಳ್ಳಬೇಡಿ. ಗಜೇಂದ್ರಗಡದ ನಮ್ಮ ಸೀರೆ ಸಾಹುಕಾರರು ಒಂದು ಮುಂಜಾನೆ ಗಾದಿಯ ಮೇಲೆ ಕುಳಿತು, ಗಂಟಲು ಕೆರೆದು, "ಮಲ್ಲಪ್ಪಾ, ಇನ್ನ ಮುಂದ ಮುಂಬೈಗೆ ಸೀರಿ ತುಣಕ ಟಪಾಲಿನಾಗ ಹೋಗತಾವ. ನೀ ಹೋಗೂದು ಬ್ಯಾಡ. ತಿಳೀತಿಲ್ಲೊ?" ಎಂದರು. ತಿಳಿಯಿತು. ಅಂಗೈಯಗಲದ ಬಟ್ಟೆಚೂರು ಲಕೋಟೆಯಲ್ಲಿ ಕುಳಿತು ತಾನೇ ಹೋಗಿ ಬರುವಾಗ, ಉಣ್ಣುವ, ಮಲಗುವ, ರೈಲು ತಪ್ಪಿಸಿಕೊಳ್ಳುವ ಮನುಷ್ಯ ಯಾರಿಗೆ ಬೇಕು? ಚೂರಿಗೆ ತಿಗಣೆ ಕಚ್ಚುವುದಿಲ್ಲ. ಸಾಹುಕಾರರ ಬೆನ್ನ ಹಿಂದೆ ನಿಂತು ಅವರಂತೆ ಗಂಟಲು ಕೆರೆಯುವುದೂ ಇಲ್ಲ.

ಈಗ ರೋಣದ ಒಂದು ಅಡತಿ ಅಂಗಡಿಯಲ್ಲಿ ಕಡಲೆ, ಜೋಳ, ಹತ್ತಿಗೆ ಹರಾಜಿನ ಸವಾಲು ಕೂಗುತ್ತೇನೆ. ಅಲ್ಲಿಯ ಮಾಲೀಕರು ಮೊದಲ ದಿನವೇ ತಾಕೀತು ಮಾಡಿದರು: "ಒಂದ ದನಿಲೆ ಕೂಗಪಾ. ನಾಕ ಮಂದಿ ಸವಾಲ ಹಾಕಿದಂಗ ಕೇಳತೈತಿ." ಹೀಗಾಗಿ ಹೊಟ್ಟೆಪಾಡಿಗೆ ಒಂದೇ ದನಿ. ಉಳಿದ ದನಿಗಳೆಲ್ಲ ನನ್ನಂತೆಯೇ ನಿವೃತ್ತವಾಗಿವೆ.

ಸಾಹುಕಾರರ ಅಂಗಡಿಗೆ ಈಚೆಗೆ ಇಬ್ಬರು ಹೊಸಬರು ಸೇರಿದ್ದಾರೆ. ಮುಂಬೈಗೆ ಅಲ್ಲ, ಹುಬ್ಬಳ್ಳಿ, ಬೆಳಗಾವಿ, ಸೊಲ್ಲಾಪುರಕ್ಕೆ ಗಂಟು ಹೊತ್ತು ಹೋಗಬೇಕು. ಮೊನ್ನೆ ಬಂದು, "ಅಣ್ಣಾ, ಗುರ್ತಿಲ್ಲದ ಊರಾಗ ಇಳಕೊಳ್ಳಾಕ ಹೋಟೆಲ್ ಹ್ಯಾಂಗ ಆರಸೂದು?" ಎಂದು ಕೇಳಿದರು. ಸೀರೆ ಹೇಗೆ ಮಾರುವುದೆಂದು ಕೇಳಲಿಲ್ಲ. ಬುದ್ಧಿವಂತರು. ಈ ಕೆಲಸದಲ್ಲಿ ಮಾರುವುದು ಒಂದು ಗಳಿಗೆ, ಮಿಕ್ಕಿದ್ದೆಲ್ಲ ಗುರುತಿಲ್ಲದ ಕೋಣೆಯಲ್ಲಿ ಕುಳಿತಿರುವುದೇ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನಾನು ಈ ಕೆಲಸಕ್ಕೆ ಸೇರಿದ್ದು ಯಾವ ಯೋಗ್ಯತೆಯ ಮೇಲೆ ಎಂದು ಮೊದಲು ಹೇಳಿಬಿಡುತ್ತೇನೆ. ನಮ್ಮದು ಚಿಕ್ಕನರಗುಂದ. ಅಪ್ಪ ಕಂಡವರ ಹೊಲದಲ್ಲಿ ಕೂಲಿ. ನಾನು ನರಗುಂದದ ಸಾಲಿಯಲ್ಲಿ ಓದಿದ್ದಕ್ಕಿಂತ ಮಾಸ್ತರರ ನಡಿಗೆ ಕಲಿತದ್ದು ಹೆಚ್ಚು. ಸಂಬಂಧಿಕರೊಬ್ಬರ ಮಾತಿನ ಮೇಲೆ ಗಜೇಂದ್ರಗಡದ ಅಂಗಡಿಯಲ್ಲಿ ಸೀರೆ ಮಡಿಸಲು ಸೇರಿದೆ. ಸೇರಿದ ಕೆಲವೇ ದಿನಕ್ಕೆ, ಸಾಹುಕಾರರು ಊಟಕ್ಕೆ ಹೋಗಿದ್ದಾರೆಂದು ನಂಬಿ, ಅವರ ಗಾದಿಯ ಮೇಲೆ ಕುಳಿತು, ಗಂಟಲು ಕೆರೆದು, ನೇಕಾರರಿಗೆ ಅವರಂತೆಯೇ ಬೈಯತೊಡಗಿದೆ. ಎಲ್ಲರೂ ನಕ್ಕರು. ಆಮೇಲೆ ಎಲ್ಲರೂ ಒಮ್ಮೆಲೇ ಸುಮ್ಮನಾದರು. ತಿರುಗಿ ನೋಡಿದರೆ ಸಾಹುಕಾರರು ಹಿಂದೆ ನಿಂತಿದ್ದಾರೆ.

"ಇನ್ನೊಮ್ಮೆ ಮಾಡ," ಎಂದರು.

ಮತ್ತೆ ಗಂಟಲು ಕೆರೆದೆ. ನೇಕಾರರಿಗೆ ಬೈದೆ.

ಅವರು ತಲೆ ಓರೆ ಮಾಡಿ ಕೇಳಿ, "ಅಲ್ಲಲೇ, ನನ್ನಂಗ ಮಾತಾಡಾಕ ನಿನಗ ಬರತೈತಿ ಅಂದ ಮ್ಯಾಲ, ನಾ ಯಾಕ ರೈಲಿನಾಗ ಸೊಂಟ ಮುರಕೊಳ್ಳಲಿ? ನೀನ ಹೋಗು ಮುಂಬೈಗೆ. ತಿಳೀತಿಲ್ಲೊ?" ಎಂದರು.

ಹೀಗೆ ಅಣಕಿಸಿದ್ದಕ್ಕೆ ಕೆಲಸ ಕಳೆದುಕೊಂಡವರನ್ನು ನೀವು ಕಂಡಿರಬಹುದು. ಅಣಕಿಸಿ ಬಡ್ತಿ ಪಡೆದವನು ನಾನೊಬ್ಬನೇ. ನನಗೆ ಸಿಕ್ಕ ಬಡ್ತಿಯೂ ಅದೊಂದೇ, ಮುಂದೆ ಅದರ ಸುದ್ದಿ ಎತ್ತುವುದಿಲ್ಲ.

ಆಗ ಕನ್ನಡಿಗರ ರಾಜ್ಯ ಇನ್ನೂ ಒಂದಾಗಿರಲಿಲ್ಲ. ರೋಣ ತಾಲೂಕಿನ ನಮಗೆಲ್ಲ ಮುಂಬೈಯೇ ರಾಜಧಾನಿ. ಹಾಗೆಂದು ಮುಂಬೈಗೆ ನಮ್ಮ ಗುರುತಿತ್ತೆಂದು ತಿಳಿಯಬೇಡಿ. ಗಜೇಂದ್ರಗಡದಿಂದ ಬಸ್ಸು ರೋಣ ಹಾದು ಗದಗಕ್ಕೆ, ಗದಗದಿಂದ ಸಣ್ಣ ಗಾಡಿ ಸೊಲ್ಲಾಪುರಕ್ಕೆ, ಅಲ್ಲಿಂದ ದೊಡ್ಡ ಗಾಡಿ ಮುಂಬೈಯ ಬೋರಿಬಂದರ ಸ್ಟೇಶನ್ನಿಗೆ. ಇಳಿಯುವ ಹೊತ್ತಿಗೆ ಮೈಮೇಲಿನ ಮಸಿಯಿಂದ ನಾನು ಎಂಜಿನ್ನಿನ ಸಂಬಂಧಿಕನಂತೆ ಕಾಣುತ್ತಿದ್ದೆ.

ಹೋಟೆಲು ಆರಿಸುವ ಮೊದಲ ಪಾಠ: ಕೋಣೆ ನೋಡಬೇಡಿ. ಕೋಣೆ ಎಲ್ಲವೂ ಹಗಲಿನಲ್ಲಿ ಒಳ್ಳೆಯವೇ. ಮುಂಜಾನೆ ಹೋಗಿ ಮೆಟ್ಟಿಲ ಬುಡದಲ್ಲಿ ನಿಂತು, ಮೇಲಿನಿಂದ ಇಳಿದು ಬರುವವರ ಕೈ ನೋಡಿ. ಕೈ ಕತ್ತಿನಲ್ಲೋ ಬೆನ್ನಿನಲ್ಲೋ ಇದ್ದರೆ ಅಲ್ಲಿ ತಿಗಣೆ ಇವೆ. ಮ್ಯಾನೇಜರನು ಎಷ್ಟೇ ನಕ್ಕು ಮಾತಾಡಿದರೂ ಮುಂದೆ ನಡೆಯಿರಿ. ನಾನು ಇದನ್ನು ಕಲಿತದ್ದು ಎರಡನೆಯ ಸಲ. ಮೊದಲನೆಯ ಸಲ ನಾನೇ ಕೆರೆದುಕೊಳ್ಳುತ್ತ ಇಳಿದು ಬಂದವನು.

ಎರಡನೆಯ ಸಲ ಆರಿಸಿದ್ದು ಬೋರಿಬಂದರದ ಹಿಂದಿನ ಒಂದು ಓಣಿಯಲ್ಲಿ. ಕಿಟಕಿ ಇಲ್ಲದ ಕೋಣೆ, ಗೋಡೆಯ ಬದಲಿಗೆ ಹಲಗೆ. ಮ್ಯಾನೇಜರರು ಉಡುಪಿ ಕಡೆಯವರು, ವಯಸ್ಸಾದವರು, ಕನ್ನಡಿಗರೆಂದು ಕೇಳಿ ಅಲ್ಲಿ ನಿಂತೆ. ದಿನವಿಡೀ ಅಂಗಡಿ ಅಂಗಡಿ ತಿರುಗಿ, ಹರಕು ಹಿಂದಿಯಲ್ಲಿ ಸೀರೆಯ ಗುಣ ಹೇಳಿ, ಸಂಜೆ ಆ ಕೋಣೆಗೆ ಬಂದು ಬಾಗಿಲು ಹಾಕಿದರೆ ಏನು ಮಾಡಬೇಕು ಹೇಳಿ? ನಮ್ಮೂರಲ್ಲಿ ಸಂಜೆಯೆಂದರೆ ಕಟ್ಟೆ. ಕಟ್ಟೆಯೆಂದರೆ ಮಾತು. ಅಲ್ಲಿ ಮಾತಿಗೆ ಸಿಕ್ಕುವುದು ನೀರಿನ ತಂಬಿಗೆ ಒಂದೇ. ಆದ್ದರಿಂದ ನಾನು ಊರನ್ನೇ ಕೋಣೆಗೆ ಕರೆಸಿಕೊಳ್ಳುತ್ತಿದ್ದೆ. ಸಾಹುಕಾರರು ಬಂದು ಗಂಟಲು ಕೆರೆಯುವರು. ರೋಣದ ಬಸ್ಸಿನ ಕಂಡಕ್ಟರು "ರೋಣ, ಗದಗ, ಯಾರ್ರೀ ರೋಣ" ಎನ್ನುವನು. ನರಗುಂದದ ಮಾಸ್ತರರು ಅವನಿಗೆ ಮಗ್ಗಿ ಕೇಳುವರು. ನಡುವೆ ನಮ್ಮವ್ವ ಬಂದು ಎಲ್ಲರಿಗೂ ರೊಟ್ಟಿ ಬಡಿಸುವಳು. ಹೀಗೆ ಸುಖವಾಗಿ ಸಂಜೆ ಕಳೆಯುತ್ತಿರುವಾಗ ಒಂದು ದಿನ ಬಾಗಿಲು ಬಡಿದ ಸದ್ದಾಯಿತು.

"ಎಂತ ಮಾರಾಯ್ರೆ," ಎಂದು ಮ್ಯಾನೇಜರರು ಒಳಗೆ ಬಂದರು. "ಒಬ್ಬರು ಅಂತ ಹೇಳಿ ಕೋಣೆ ತಗೊಂಡದ್ದಲ್ವಾ ನೀವು? ಈಗ ಒಳಗೆ ನಾಲ್ಕು ಜನ ಉಂಟು. ಹೆಂಗಸರು ಸಹ ಉಂಟು."

ಮಂಚದ ಕೆಳಗೆ ಬಗ್ಗಿ ನೋಡಿದರು. ಅಲ್ಲಿ ನನ್ನ ಚಪ್ಪಲಿ ಮಾತ್ರ. ನಾನು ನಿಜ ಹೇಳಿದೆ, ನಂಬಲಿಲ್ಲ. ಕೊನೆಗೆ ಅವರೆದುರಿಗೇ ಎಲ್ಲರನ್ನೂ ಒಬ್ಬೊಬ್ಬರಾಗಿ ಕರೆಸಿದೆ. ಕಂಡಕ್ಟರಿಗೆ ನಕ್ಕರು. ಮಾಸ್ತರರಿಗೆ ತಲೆದೂಗಿದರು. ಕೊನೆಗೆ ಅವ್ವ, "ಯಪ್ಪಾ, ಬಿಸಿ ರೊಟ್ಟಿ ಇನ್ನೊಂದ ಹಾಕ್ಲೇನೋ?" ಎಂದಾಗ ಅವರು ಮಂಚದ ಅಂಚಿಗೆ ಕುಳಿತುಬಿಟ್ಟರು.

"ನಮ್ಮ ಬದಿಯ ಅಮ್ಮನ ದನಿ ಬರ್ತದಾ ನಿಮಗೆ?" ಎಂದು ಕೇಳಿದರು.

"ಅವರ ದನಿ ನಾ ಕೇಳಿಲ್ಲಲ್ರಿ," ಎಂದೆ.

"ಅದೂ ಹೌದು," ಎಂದು ಎದ್ದು ಹೋದರು. ಮರುದಿನ ಹೆಚ್ಚಿನ ಬಾಡಿಗೆ ಕೇಳಲಿಲ್ಲ. ಮುಖ ಕೊಟ್ಟು ಮಾತಾಡಲೂ ಇಲ್ಲ.

ಇಂಥ ಕೋಣೆಗಳಲ್ಲೇ ಕೆಲವು ವರ್ಷ ಕಳೆದೆ. ನಿಮಗೆ ಹೇಳಬೇಕೆಂದುಕೊಂಡಿದ್ದು ಮಾತ್ರ ಅಂದಾನಪ್ಪಕಾಕಾನ ಜೊತೆ ಹೋದ ಸಲದ ಮಾತು. ಕೇಳುತ್ತಿದ್ದೀರಲ್ಲ?

ಅಂದಾನಪ್ಪಕಾಕಾ ಗಜೇಂದ್ರಗಡದ ಹಳೆಯ ನೇಕಾರ. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಮನೆಯಲ್ಲಿ ಅವನು ಮತ್ತು ಮಗ್ಗ. ಆತ ನೇಯ್ದ ಸೀರೆಯ ಅಂಚು ನೋಡಲು ಬೇರೆ ಓಣಿಯ ನೇಕಾರರೂ ಬರುತ್ತಿದ್ದರು, ಆದರೆ ಉಳಿದವರು ಮಗ್ಗದಿಂದ ಎರಡು ಸೀರೆ ಇಳಿಸುವ ಹೊತ್ತಿಗೆ ಕಾಕಾ ಒಂದು ಇಳಿಸುತ್ತಿದ್ದ. ಸಾಹುಕಾರರಿಗೆ ಅದೇ ಸಂಕಟ. ಕೊನೆಗೆ ಹೇಳಿಯೇಬಿಟ್ಟರು: "ಅಂದಾನಪ್ಪಾ, ಈ ಸಲದ ಗಂಟು ಮುಂಬೈ ಶೇಠ ತಗೊಂಡನಂದ್ರ ವರ್ಷಪೂರ್ತಿ ನಿನಗ ನೂಲು ಕೊಡತೀನಿ. ವಾಪಸ್ ಬಂತಂದ್ರ, ನಿನ್ನ ಮಗ್ಗಕ್ಕ ಇನ್ನ ನನ್ನ ನೂಲಿಲ್ಲ. ತಿಳೀತಿಲ್ಲೊ?"

ಕಾಕಾ ಮಾತಿನ ಮನುಷ್ಯನಲ್ಲ. "ನಾನೂ ಹೋಗತೀನ್ರಿ ಗಂಟಿನ ಸಂಗಾಟ," ಎಂದ.

ಸಾಹುಕಾರರು ಬೇಡವೆನ್ನಲಿಲ್ಲ. ನನಗೆ ಮಾತ್ರ ಒಂದು ಹೊಸ ಆಜ್ಞೆ ಬಂತು. ಅವರ ಗಾದಿಯ ಮೇಲಿನ ಗೋಡೆಗೆ ಗೇಟವೇ ಆಫ್ ಇಂಡಿಯಾದ ಚಿತ್ರವಿದ್ದ ಕ್ಯಾಲೆಂಡರು ತೂಗುತ್ತಿತ್ತು. ಅದರ ಕಡೆ ಬೆರಳು ಮಾಡಿ, "ಈ ಸಲ ಅಲ್ಲೆ ಇಲ್ಲೆ ಇಳಕೋಬ್ಯಾಡ. ಇದು ಕಾಣೂ ಕೋಣಿ ಹಿಡಿ. ಎಲ್ಲಿ ಇಳಕೊಂಡೀರಿ ಅಂತ ಶೇಠ ಕೇಳಿದ್ರ, ಗೇಟವೇ ಮುಂದ ಅನ್ನು. ವಿಳಾಸ ಕೇಳಿನ ಅರ್ಧ ಸೀರಿ ಪಸಂದ ಆಗಬೇಕು," ಎಂದರು.

ದಾರಿಯುದ್ದಕ್ಕೂ ಕಾಕಾನ ತೊಡೆಯ ಮೇಲೆ ಗಂಟು. ಗಾರ್ಡಿನಿಂದ ಹಿಡಿದು ಕಡಲೆ ಮಾರುವವನವರೆಗೆ ಎಲ್ಲರನ್ನೂ ನಾನು ಅಣಕಿಸಿ ತೋರಿಸಿದೆ. "ಕಾಕಾ, ಈಗ ಟಿಕೀಟಿನವ ಬಂದಾಂಗ ಮಾಡತೀನಿ ನೋಡ್ರಿ. ಕೇಳಾಕತ್ತೀರಿಲ್ರಿ?" ಡಬ್ಬಿಯ ಮಂದಿಯೆಲ್ಲ ನಕ್ಕರು. ಕಾಕಾ ನಗಲಿಲ್ಲ. ಸೊಲ್ಲಾಪುರ ಬಿಟ್ಟ ಮೇಲೆ ಒಂದೇ ಒಂದು ಮಾತು ಕೇಳಿದ.

"ಎಲ್ಲಾರ ದನಿ ತಗೀತಿ. ನಿಂದ ಯಾವದೋ ತಮ್ಮಾ?"

"ನಂದ ಖಾಲಿ ಐತ್ರಿ ಕಾಕಾ, ಬಾಡಿಗಿ ಕೊಟ್ಟೀನಿ," ಎಂದು ನಗೆಯಾಡಿದೆ. ಡಬ್ಬಿ ಮತ್ತೆ ನಕ್ಕಿತು.

ಗೇಟವೇ ಹತ್ತಿರ ಹೋಟೆಲು ಹುಡುಕುವುದೆಂದರೆ ಏನೆಂದು ಅಂದು ಕಂಡೆ. ಅಲ್ಲೊಂದು ಗುಮ್ಮಟದ ದೊಡ್ಡ ಹೋಟೆಲಿದೆ. ಅದರ ಬಾಗಿಲು ಕಾಯುವವನ ರುಮಾಲು ನಮ್ಮ ಸಾಹುಕಾರರ ಮದುವೆಯ ರುಮಾಲಿಗಿಂತ ಚಂದ. ಅವನಿಗೆ ದೂರದಿಂದಲೇ ಕೈಮುಗಿದು ಹಿಂದಿನ ಓಣಿಗಳಿಗೆ ಹೊಕ್ಕೆವು. ಒಂದು ಕಡೆ ಗೇಟವೇ ಕಾಣುತ್ತಿತ್ತು, ಮಂಚ ಇರಲಿಲ್ಲ. ಇನ್ನೊಂದು ಕಡೆ ಮಂಚವಿತ್ತು, ಗೇಟವೇ ಕಾಣಬೇಕಾದರೆ ಮಂಚದ ಮೇಲೆ ಸ್ಟೂಲು ಇಟ್ಟು ಹತ್ತಬೇಕು. ಕೊನೆಗೆ ಸಮುದ್ರದ ಕಡೆಗೆ ಮುಖ ಮಾಡಿದ ಒಂದು ಹಳೆಯ ಕಟ್ಟಡದ ಮೂರನೆಯ ಮಾಳಿಗೆಯಲ್ಲಿ ಸಿಕ್ಕಿತು. ದೊಡ್ಡ ಕಿಟಕಿ. ಓರೆಯಾಗಿ ನಿಂತರೆ ಗೇಟವೇ ಪೂರಾ. ಮೆಟ್ಟಿಲ ಬುಡದಲ್ಲಿ ನಿಂತು ಪರೀಕ್ಷಿಸಿದೆ, ಯಾರೂ ಕೆರೆದುಕೊಳ್ಳಲಿಲ್ಲ. ಇಷ್ಟು ಒಳ್ಳೆಯ ಕೋಣೆ ನಾನು ಆವರೆಗೆ ಆರಿಸಿರಲಿಲ್ಲ.

"ಕಾಣಾಕತ್ತೈತೇನ್ರಿ ಕಾಕಾ?" ಎಂದು ಕಿಟಕಿಯ ಬಳಿ ನಿಲ್ಲಿಸಿ ಕೇಳಿದೆ.

ಜೀವಮಾನವೆಲ್ಲ ಮೊಳದಾಚೆ ನೋಡದ ಕಣ್ಣು. ಹತ್ತಿರದ ಒಂದೆಳೆ ತಪ್ಪಿದರೂ ಕಾಣುತ್ತಿತ್ತು, ದೂರದ ಗುಡ್ಡ ಕಾಣುತ್ತಿರಲಿಲ್ಲ. ಕಾಕಾ ಕಣ್ಣು ಕಿರಿದು ಮಾಡಿ, "ಏನೋ ಗ್ವಾಡಿ ಇದ್ದಂಗೈತಿ. ನಾಳೆ ಹತ್ತರ ಹೋಗಿ ಕೈ ಹಚ್ಚಿ ನೋಡೂಣ," ಎಂದ.

ನಮ್ಮ ಸೀರೆ ಕೊಳ್ಳುವ ಶೇಠನ ಅಂಗಡಿಗೆ ಹೋದರೆ, ಅವನು ಪರಸ್ಥಳಕ್ಕೆ ಹೋಗಿದ್ದಾನೆ, ನಾಡಿದ್ದು ಬನ್ನಿ ಎಂದರು. ಸರಿ ಎಂದು ಕೋಣೆಗೆ ಬಂದೆವು. ನಮ್ಮ ಕಡೆ ಒಂದು ಪದ್ಧತಿ ಇದೆ. ಗಿರಾಕಿಗೆ ತೋರಿಸುವ ಮುಂಚೆ ಗಂಟು ಬಿಚ್ಚಿ, ಸೀರೆಗಳನ್ನು ಸಡಿಲ ಮಾಡಿ ಗಾಳಿಗೆ ಬಿಡುತ್ತಾರೆ. ದಾರಿಯ ಸುಕ್ಕು ಹೋಗಿ, ನೂಲಿಗೆ ಹಾಕಿದ ಗಂಜಿ ಬಿಗಿದು, ಮುಟ್ಟಿದರೆ ಸೀರೆ ಸರಕ್ಕೆನ್ನುತ್ತದೆ. ಗಜೇಂದ್ರಗಡದ ಗಾಳಿ ಗುಡ್ಡದ ಕಲ್ಲಿನ ಮೇಲೆ ಹಾದು ಬರುವ ಒಣ ಗಾಳಿ. ಕಾಕಾ ಸಂಜೆಯೇ ಕಿಟಕಿ ಪೂರ್ತಿ ತೆರೆದು, ಹಗ್ಗ ಕಟ್ಟಿ, ಒಂದೊಂದೇ ಸೀರೆ ಹರವಿದ. ಸಮುದ್ರದ ಗಾಳಿ ಬಂದು ಸೆರಗುಗಳನ್ನು ಎತ್ತಿ ಆಡಿಸಿತು. ಮಳೆಗಾಲ ಮುಗಿಯುವ ಹೊತ್ತು, ಆದರೆ ಆಕಾಶದಲ್ಲಿ ಮೋಡವಿರಲಿಲ್ಲ. ಮೋಡವಿಲ್ಲದ ಮೇಲೆ ಗಂಜಿಗೆ ಭಯವಿಲ್ಲ ಎಂದು ಇಬ್ಬರೂ ತಿಳಿದೆವು. ಸಮುದ್ರವನ್ನು ಕಂಡಿದ್ದರೂ ಅದರ ಗಾಳಿಯನ್ನು ನಾನೆಂದೂ ಕೋಣೆಯೊಳಗೆ ಬಿಟ್ಟುಕೊಂಡಿರಲಿಲ್ಲ. ಅದುವರೆಗಿನ ನನ್ನ ಕೋಣೆಗಳಿಗೆ ಕಿಟಕಿಯೇ ಇರಲಿಲ್ಲವಲ್ಲ.

ಮುಂಜಾನೆ ಕಾಕಾ ಎದ್ದು ಒಂದು ಸೀರೆಯ ಅಂಚು ಮುಟ್ಟಿದ. ಇನ್ನೊಂದನ್ನು ಮುಟ್ಟಿದ. ಸಾಲಾಗಿ ಎಲ್ಲವನ್ನೂ ಮುಟ್ಟುತ್ತ ಹೋಗಿ, ಕೊನೆಯದರ ಹತ್ತಿರ ನಿಂತ.

"ಗಂಜಿ ಸತ್ತೈತಿ," ಎಂದ.

ನಾನೂ ಮುಟ್ಟಿದೆ. ಸೀರೆಗಳೆಲ್ಲ ಸಮುದ್ರದ ಗಾಳಿಯ ಪಸೆ ಹೀರಿ ತಣ್ಣಗೆ, ಮೆತ್ತಗೆ ಜೋತುಬಿದ್ದಿದ್ದವು. ಸದ್ದಿಲ್ಲ. ಶೇಠನ ರೀತಿ ನನಗೆ ಗೊತ್ತಿತ್ತು. ಅವನು ಬಣ್ಣವನ್ನು ಆಮೇಲೆ ನೋಡುವವನು. ಮೊದಲು ಸೀರೆಯ ಮಡಿಕೆ ಹಿಡಿದು, ಕಣ್ಣು ಮುಚ್ಚಿ, ಕಿವಿಯ ಹತ್ತಿರ ತಂದು ಬಿಡುತ್ತಾನೆ. ಸರಕ್ಕೆನ್ನದ ಸೀರೆಯನ್ನು, ಉಟ್ಟು ತೊಳೆದದ್ದು ಎಂದು ಪಕ್ಕಕ್ಕೆ ತಳ್ಳುತ್ತಾನೆ. ಒಂದು ಸಲ ತಳ್ಳಿದ ಮೇಲೆ ಅವನ ಮನಸ್ಸು ತಿರುಗಿಸಿದವರಿಲ್ಲ.

"ಬಿಸಲಿಗೆ ಹಾಕೂಣ್ರಿ ಮಾಳಿಗಿ ಮ್ಯಾಲ," ಎಂದೆ.

"ಅಲ್ಲೂ ಇದ ಗಾಳಿ ಅಲ್ಲೇನು?" ಎಂದ ಕಾಕಾ. ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡಿದ. ಅವನಿಗೆ ಅಲ್ಲಿ ಏನೂ ಕಾಣುತ್ತಿರಲಿಲ್ಲ. "ಒಂದ ಮಗ್ಗ ಐತಿ ತಮ್ಮಾ ನನ್ನ ಮನ್ಯಾಗ. ಅದರ ಸದ್ದ ನಿಂತ್ರ, ಆ ಮನ್ಯಾಗ ಮತ್ತ ಯಾರದೂ ಸದ್ದಿಲ್ಲ."

ನಾನು ಹಗ್ಗ ಬಿಚ್ಚತೊಡಗಿದೆ. ಈಗ ಬೇಕಾದದ್ದು ಸಮುದ್ರದ ಗಾಳಿ ನುಸುಳದ ಕೋಣೆ.

ಸೀರೆಗಳನ್ನು ಸುತ್ತಿಕೊಂಡು ಮತ್ತೆ ಹೋಟೆಲು ಹುಡುಕಲು ಹೊರಟೆವು. ಈ ಸಲ ಎಲ್ಲವೂ ತಲೆಕೆಳಗು. ಮ್ಯಾನೇಜರರು ಕಿಟಕಿ ತೋರಿಸಿದರೆ ನಾವು ತಲೆಯಾಡಿಸಿ ಹೊರಗೆ. ಗಾಳಿ ಬೆಳಕು ಚೆನ್ನಾಗಿದೆ ಎಂದರೆ ಬೇಡ. ಒಬ್ಬನಂತೂ, "ಹಾಗಾದರೆ ನಿಮಗೆ ಎಂಥ ಕೋಣೆ ಬೇಕು?" ಎಂದು ರೇಗಿದ. "ಉಸಿರು ಕಟ್ಟುವಂಥದ್ದು," ಎಂದೆ. ಅವನು ಕಾಕಾನ ಮುಖ ನೋಡಿ, ನನ್ನ ಮುಖ ನೋಡಿ, ಪೊಲೀಸರ ಹೆಸರು ತೆಗೆದ. ಮುಂದಿನ ಹೋಟೆಲಿನವರೆಗೂ ಅವನನ್ನು ಅಣಕಿಸುತ್ತ ನಡೆದೆ. ಕಾಕಾ ಕೋಣೆ ಕೋಣೆಯಲ್ಲೂ ಒಂದೇ ಕೆಲಸ ಮಾಡುತ್ತಿದ್ದ. ಒಳಗೆ ಹೋಗುವುದು, ಗೋಡೆಗೆ ಅಂಗೈ ಒತ್ತುವುದು, ಹೊರಗೆ ಬರುವುದು.

ಮಧ್ಯಾಹ್ನದ ಹೊತ್ತಿಗೆ, ಗೇಟವೇಯಿಂದ ಬಹಳ ಹಿಂದೆ, ಒಂದು ಗಲ್ಲಿಯಲ್ಲಿ ಇರಾನಿಯವನ ಬೇಕರಿಯ ಬೆನ್ನಿಗೆ ಅಂಟಿದ ಒಂದು ವಸತಿಗೃಹ. ಅಲ್ಲಿಯ ಮ್ಯಾನೇಜರನು ಒಂದು ಕೋಣೆಯನ್ನು ತೋರಿಸಲೇ ನಾಚಿದ. ಅದನ್ನು ಯಾರೂ ಕೇಳುವುದಿಲ್ಲ, ಸಾಮಾನು ಹಾಕುತ್ತೇವೆ ಎಂದ. ಕಿಟಕಿ ಇಲ್ಲ. ಒಳಗೆ ಕಾಲಿಟ್ಟರೆ ಮುಖಕ್ಕೆ ಬಿಸಿ ಬಡಿಯಿತು. ಕಾಕಾ ಗೋಡೆಗೆ ಅಂಗೈ ಒತ್ತಿ, ಹಾಗೆಯೇ ಇಟ್ಟುಕೊಂಡು ನಿಂತ. ಗೋಡೆಯಾಚೆ ಬ್ರೆಡ್ಡಿನ ಭಟ್ಟಿ.

"ಇದ," ಎಂದ.

ಭಟ್ಟಿಯ ಗೋಡೆಗೆ ಹೊಂದಿಸಿ ಹಗ್ಗ ಕಟ್ಟಿದೆವು. ಒಮ್ಮೆಲೇ ಬಿಸಿ ಹತ್ತಿದರೆ ಸೀರೆ ಸೆಟೆದು ಮಡಿಕೆ ಮುರಿಯುತ್ತದೆ, ತಡವಾದರೆ ಗಂಜಿ ಎಚ್ಚರವಾಗುವುದಿಲ್ಲ. ಕಾಕಾ ಒಂದು ಸೀರೆಯನ್ನು ಗೋಡೆಯ ಹತ್ತಿರ ತರುವನು, ಇನ್ನೊಂದನ್ನು ದೂರ ಸರಿಸುವನು, ಮಗ್ಗುಲು ಬದಲಿಸುವನು. ಮೈಯೆಲ್ಲ ಬೆವರು. ಬೆವರು ಸೀರೆಗೆ ತಾಕಬಾರದೆಂದು ಧೋತರದ ಚುಂಗಿನಿಂದ ಕೈ ಒರೆಸಿಕೊಳ್ಳುತ್ತಲೇ ಇದ್ದ. ನನಗೆ ಮುಟ್ಟಗೊಡಲಿಲ್ಲ.

"ನೀ ಹೋಗಿ ಗೇಟವೇ ನೋಡಿ ಬಾ," ಎಂದ. "ನಾ ಇವನ್ನ ಬಿಟ್ಟ ಬರೂದಿಲ್ಲ."

ಹೋದೆ. ಬಿಸಿಲು ಇಳಿಯುವ ಹೊತ್ತು. ಜನ ಜಾತ್ರೆಯಂತೆ ನೆರೆದಿದ್ದರು. ಗಂಡ ಹೆಂಡತಿ ಮಕ್ಕಳು ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಕರಿ ಬಟ್ಟೆ ಹೊದ್ದ ಫೋಟೋದವನು ನನ್ನನ್ನು ಕರೆದು, "ಜೊತೆಗೆ ಯಾರಿದ್ದಾರೆ?" ಎಂದ. ಯಾರೂ ಇಲ್ಲವೆಂದೆ. "ಒಬ್ಬನೇ ನಿಂತರೆ ಹಿಂದಿನ ಬಾಗಿಲು ಬಹಳ ದೊಡ್ಡದಾಗಿ ಕಾಣುತ್ತದೆ," ಎಂದು ಬೇರೆ ಗಿರಾಕಿಯ ಕಡೆ ತಿರುಗಿದ. ಅಲ್ಲಿಯೇ ಕಟ್ಟೆಯ ಮೇಲೆ ಕುಳಿತು, ರೂಢಿಯಂತೆ, ಸಾಹುಕಾರರನ್ನು ಕರೆದೆ. ಗಂಟಲು ಕೆರೆದು, "ತಿಳೀತಿಲ್ಲೊ?" ಎಂದೆ. ಪಕ್ಕದಲ್ಲಿದ್ದವನು ಕೊಂಚ ದೂರ ಸರಿದು ಕುಳಿತ. ಅಣಕ ನಡೆಯಬೇಕಾದರೆ ಕೇಳುವವರಿಗೆ ಆ ಮನುಷ್ಯ ಗೊತ್ತಿರಬೇಕು. ಇಲ್ಲದಿದ್ದರೆ ಅದು ಒಬ್ಬ ಹುಚ್ಚ ತನ್ನಷ್ಟಕ್ಕೆ ಮಾತಾಡಿಕೊಂಡಂತೆ. ಅಷ್ಟು ಜನರ ನಡುವೆ ನನ್ನ ಊರಿನ ಒಂದು ದನಿಯೂ ಯಾರಿಗೂ ಬೇಕಿರಲಿಲ್ಲ. ಹೊಸಬರಿಗೆ ಹೇಳುತ್ತೇನೆ, ಈ ಕೆಲಸದ ಕಷ್ಟವೆಂದರೆ ಗಂಟಿನ ಭಾರವಲ್ಲ, ಇದು.

ಆಮೇಲೆ ಒಂದು ಯೋಚನೆ ಬಂತು. ಎದ್ದು ಗೇಟವೇಯ ಸುತ್ತ ಒಂದು ಸುತ್ತು ಬಂದೆ. ಕಲ್ಲಿಗೆ ಕೈಹಚ್ಚಿ ನೋಡಿದೆ. ದೋಣಿಯವರು ಕೂಗುವುದನ್ನು ಕೇಳಿಸಿಕೊಂಡೆ. ಶೇಂಗಾ ಮಾರುವವನ ಹಿಂದೆಯೇ ಸ್ವಲ್ಪ ದೂರ ನಡೆದೆ. ವ್ಯಾಪಾರಿಯ ಹಾಗೆ ಎಲ್ಲವನ್ನೂ ಗಂಟು ಕಟ್ಟಿಕೊಂಡು ಕೋಣೆಗೆ ಬಂದೆ.

ಕಾಕಾ ಹಗ್ಗದ ಕೆಳಗೆ ನೆಲದ ಮೇಲೆ ಕುಳಿತಿದ್ದ. "ಕಾಕಾ, ಗೇಟವೇ ತಂದೀನ್ರಿ," ಎಂದೆ. "ಕಣ್ಣ ಮುಚ್ಚರಿ. ಮೊದಲ ಕುದರಿ ಗಾಡಿ ಬರತೈತಿ. ಕೇಳಾಕತ್ತೀರಿಲ್ರಿ?"

ನಾಲಿಗೆಯಿಂದ ಕುದುರೆಯ ಕಾಲಿನ ಸದ್ದು ಮಾಡಿದೆ. ಧೋತರದ ಚುಂಗು ಝಾಡಿಸಿ ಪಾರಿವಾಳಗಳನ್ನು ಹಾರಿಸಿದೆ. ದೋಣಿಯವನಾಗಿ ಗುಹೆಗಳ ದ್ವೀಪ ಘಾರಾಪುರಿಗೆ ಕರೆದೆ. ಶೇಂಗಾದವನಾಗಿ ಮೂಗಿನಲ್ಲಿ ಕೂಗಿದೆ. ಫೋಟೋದವನಾಗಿ ಕಾಕಾನ ಗದ್ದ ಎತ್ತಿ, ಅಲುಗಾಡಬೇಡಿ ಎಂದೆ. ಕೊನೆಗೆ ಅಂಗೈಯಿಂದ ನೆಲ ಸವರುತ್ತ ಸಮುದ್ರವನ್ನು ತಂದು ಮೆಟ್ಟಿಲಿಗೆ ಬಡಿಸಿದೆ.

"ಕಲ್ಲ ಎಂಥಾದು?" ಎಂದ ಕಾಕಾ, ಕಣ್ಣು ಮುಚ್ಚಿಕೊಂಡೇ.

"ಹಳದಿ ಅದಾವ್ರಿ. ನಮ್ಮ ಗಡದ ಕಲ್ಲಿನಂಗ ಕೆಂಪಲ್ಲ. ಎರಡೂ ಬಾಜೂಕ ಜಾಳಿಗಿ ಕೊರದಾರ."

"ಅಂಚಿನಂಗೇನು?"

"ಥೇಟ ನಿಮ್ಮ ಅಂಚಿನಂಗ್ರಿ. ಬಾಗಲ ಮಾತ್ರ ಐತಿ, ಕದ ಇಲ್ಲ. ಕೇಳಾಕತ್ತೀರಿಲ್ರಿ?"

"ಕದ ಇಲ್ಲಂದ್ರ ಬಂದವರು ಬಂದ್ರು, ಹ್ವಾದವರು ಹ್ವಾದ್ರು," ಎಂದ ಕಾಕಾ. ಆಮೇಲೆ ಎದ್ದು ಸೀರೆಗಳ ಮಗ್ಗುಲು ಬದಲಿಸಿದ. ಗೋಡೆಯಾಚೆ ಬ್ರೆಡ್ಡಿನ ತಟ್ಟೆಗಳು ಕಲ್ಲಿನ ಮೇಲೆ ಸರಿಯುವ ಸದ್ದು. ನಾನು ಇನ್ನೂ ಮೂರು ಸಲ ದೋಣಿಯವನನ್ನು ಕರೆದೆ. ಕಾಕಾ ಬೇಡವೆನ್ನಲಿಲ್ಲ.

ಮರುದಿನ ಶೇಠನ ಅಂಗಡಿ. ಬಿಳಿ ಗಾದಿಯ ಮೇಲೆ ಗಂಟು ಬಿಚ್ಚಿದೆವು. ಕಾಕಾ ನನ್ನ ಹಿಂದೆ, ಗೋಡೆಗೆ ಒರಗದೆ ಕುಳಿತಿದ್ದ. ಶೇಠ ಮೊದಲು ಕೇಳಿದ್ದು, "ಎಲ್ಲಿ ಇಳಿದುಕೊಂಡಿದ್ದೀರಿ?" ನಾನು ಸಾಹುಕಾರರ ಗಂಟಲು ಕೆರೆದು, ಗೇಟವೇ ಮುಂದೆ ಎಂದೆ. ಅವನು ತಲೆಯಾಡಿಸಿ, ಮೇಲಿನ ಸೀರೆಯ ಮಡಿಕೆ ಹಿಡಿದು, ಕಣ್ಣು ಮುಚ್ಚಿ, ಕಿವಿಯ ಹತ್ತಿರ ತಂದ. ಹಾಗೆಯೇ ಹಿಡಿದುಕೊಂಡ. ಬಿಡಲೇ ಇಲ್ಲ. ಮೂಗು ಅರಳಿಸಿ ಒಮ್ಮೆ ಉಸಿರೆಳೆದ.

"ಗೇಟವೇ ಮುಂದೆ ಈಗ ಬ್ರೆಡ್ ಬೇಯಿಸುತ್ತಾರೇನು?" ಎಂದ.

ನನ್ನೊಳಗಿನ ಸಾಹುಕಾರರು ಎದ್ದು ಓಡಿಹೋದರು. ಆಗ ಶೇಠ ಮಡಿಕೆ ಬಿಟ್ಟ. ಸರಕ್ಕೆಂದಿತು. ಇನ್ನೊಂದು ಹಿಡಿದು ಬಿಟ್ಟ. ಸರಕ್ಕೆಂದಿತು. ನಾನು ಹಿಂದೆ ತಿರುಗಿ ನೋಡಲಿಲ್ಲ. ಆದರೆ ಪ್ರತಿ ಸದ್ದಿಗೂ ನನ್ನ ಬೆನ್ನ ಹಿಂದೆ ಒಂದು ಉಸಿರು ಹೊರಬೀಳುವುದು ಕೇಳಿಸುತ್ತಿತ್ತು. ಎಲ್ಲ ಸೀರೆಗಳೂ ಮುಗಿದ ಮೇಲೆ ಶೇಠ ಕಣ್ಣು ತೆರೆದು, ಅಂಚಿನ ಮೇಲೆ ಬೆರಳಾಡಿಸಿ, "ಈ ಕೈಯವರದೇ ಇನ್ನೂ ಕಳಿಸಿ," ಎಂದ.

ಹೊರಗೆ ಬಂದ ಮೇಲೆ, "ಕಾಕಾ, ಗಾ‌ಡಿಗೆ ಭಾಳ ಹೊತ್ತೈತಿ. ನಡೀರಿ, ಈಗರ ಗೇಟವೇ ಮುಟ್ಟಿ ಬರೂಣ," ಎಂದೆ.

"ನಿನ್ನಿ ನೋಡೀನಲ್ಲ," ಎಂದ ಕಾಕಾ. "ಮತ್ತ್ಯಾಕ?"

ಬರಲೇ ಇಲ್ಲ. ಬೋರಿಬಂದರದ ಕಡೆ ನಡೆದುಬಿಟ್ಟ.

ಆಮೇಲಿನದು ನಿಮಗೆ ಗೊತ್ತು. ಕಾಕಾನ ಮಗ್ಗಕ್ಕೆ ನೂಲು ಬಂತು, ಇಂದಿಗೂ ಬರುತ್ತಿದೆ. ಒಂದೆರಡು ವರ್ಷಕ್ಕೆ ತುಣುಕು ಟಪಾಲಿನಲ್ಲಿ ಹೋಗತೊಡಗಿ ನನ್ನ ಕೆಲಸ ಹೋಯಿತು. ಇದರಲ್ಲಿ ಯಾರ ತಪ್ಪೂ ಇಲ್ಲ. ತುಣುಕಿಗೆ ಯಾವ ಕೋಣೆಯಾದರೂ ಆದೀತು. ರೋಣದಲ್ಲಿ ಬಾಡಿಗೆಗೆ ಕೋಣೆ ನೋಡಲು ಹೋದಾಗ, ಮನೆಯವರು ಕಿಟಕಿ ತೋರಿಸುತ್ತಿದ್ದರು, ನಾನು ಗೋಡೆಗೆ ಅಂಗೈ ಒತ್ತುತ್ತಿದ್ದೆ. ಕೊನೆಗೆ ಹಿಡಿದದ್ದು ಮಂಡಕ್ಕಿ ಹುರಿಯುವ ಚುರಮರಿ ಭಟ್ಟಿಯ ಪಕ್ಕದ್ದು. ಬೇಸಿಗೆಯಲ್ಲಿ ಬೇಯುತ್ತೇನೆ. ಒಣಗಿಸಲು ನನ್ನ ಹತ್ತಿರ ಒಂದು ಸೀರೆಯೂ ಇಲ್ಲ, ಅದನ್ನು ಉಡುವವಳೂ ಇಲ್ಲ. ಸಂಜೆ ಅಲ್ಲಿ ಯಾರನ್ನೂ ಕರೆಸುವುದಿಲ್ಲ. ಅವ್ವ ತೀರಿಹೋದ ಮೇಲೆ ಅವಳ ದನಿ ತೆಗೆಯಲು ಧೈರ್ಯವಾಗಲಿಲ್ಲ, ಅವಳಿಲ್ಲದೆ ಉಳಿದವರಿಗೆ ಬಡಿಸುವವರಿಲ್ಲ.

ಕಳೆದ ತಿಂಗಳು ಅಂಗಡಿಯ ಕೆಲಸಕ್ಕೆ ಗಜೇಂದ್ರಗಡಕ್ಕೆ ಹೋಗಿದ್ದೆ. ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ನಾಲ್ಕಾರು ನೇಕಾರರು ಕುಳಿತಿದ್ದರು, ನಡುವೆ ಅಂದಾನಪ್ಪಕಾಕಾ. ಮಾತಾಡದ ಕಾಕಾ ಮಾತಾಡುತ್ತಿದ್ದ. ನಾಲಿಗೆಯಿಂದ ಕುದುರೆಗಾಡಿ ಓಡಿಸುತ್ತಿದ್ದ. ಚುಂಗು ಝಾಡಿಸಿ ಪಾರಿವಾಳ ಹಾರಿಸಿದ. ಮೂಗಿನಲ್ಲಿ ಶೇಂಗಾ ಮಾರಿದ. ಗೇಟವೇ ತಾನು ಕಣ್ಣಾರೆ ಕಂಡದ್ದು, ಅದರ ಜಾಳಿಗೆ ಥೇಟ ತನ್ನ ಅಂಚಿನಂತೆ ಎಂದು ಹೇಳುತ್ತಿದ್ದ. ಕುದುರೆ ಕುಂಟುತ್ತಿತ್ತು, ದೋಣಿಯವನು ಗಜೇಂದ್ರಗಡದವನಾಗಿದ್ದ. ನಾನು ಹಿಂದೆ ನಿಂತು ನಗು ತಡೆದುಕೊಂಡೆ.

ಆದರೆ ಆ ದನಿಗಳ ನಡುವೆ ಇನ್ನೊಂದು ದನಿ ಬಂದು ಬಂದು ಹೋಗುತ್ತಿತ್ತು. ದೋಣಿಯವನದಲ್ಲ, ಫೋಟೋದವನದಲ್ಲ, ಕಾಕಾನದೂ ಅಲ್ಲ. ಬಹಳ ಅವಸರದ ದನಿ. ಒಂದು ಮಾತು ಮುಗಿಯುವ ಮೊದಲೇ ಇನ್ನೊಂದನ್ನು ಹಿಡಿಯುತ್ತಿತ್ತು, ನಡುವೆ ತೆರಪು ಬಿಟ್ಟರೆ ಎದುರಿಗಿದ್ದವರು ಎದ್ದು ಹೋಗಿಬಿಡುತ್ತಾರೇನೋ ಎನ್ನುವ ಹಾಗೆ. ಯಾರದಿದು, ಎಲ್ಲಿಯೋ ಕೇಳಿದಂತಿದೆ ಎಂದು ಯೋಚಿಸುತ್ತ ನಿಂತೆ. ಊರಿನ ಎಲ್ಲರ ದನಿಯನ್ನೂ ಕಣ್ಣು ಮುಚ್ಚಿ ಗುರುತಿಸುವವನು ನಾನು.

ಕಾಕಾ ಸಮುದ್ರ ತಂದು ಮೆಟ್ಟಿಲಿಗೆ ಬಡಿಸಿ, ಒಂದು ಗಳಿಗೆ ನಿಂತು, ಆ ದನಿಯಲ್ಲಿ ಕೇಳಿದ: "ಕೇಳಾಕತ್ತೀರಿಲ್ರಿ?"

ಕಟ್ಟೆಯ ಮೇಲಿನವರು ಯಾರೂ ಉತ್ತರ ಕೊಡಲಿಲ್ಲ. ಗದಗದ ಬಸ್ಸು ಬಂದು ನಿಂತಿತ್ತು, ಎಲ್ಲರೂ ಆ ಕಡೆ ನೋಡುತ್ತಿದ್ದರು.

"ಹ್ಞೂಂರಿ," ಎಂದೆ, ಹಿಂದಿನಿಂದ, ನಾನು.